ಚಿನ್ನ ತೊಳೆಯುವ ಹಸಿರು ತಟ್ಟೆ: ಐದು ಸಲ ಹಳ್ಳಕ್ಕಿಳಿದ ಮೇಲೆ

ತಟ್ಟೆ ತಗೊಳ್ಳಿ, ಜೊತೆಗೆ ಬರುವ ಉಳಿದ ಸಾಮಾನು ಬಿಡಿ. ಅವಸರದಲ್ಲಿರುವವರಿಗೆ ಇಷ್ಟು ಸಾಕು.

ನಾವಿರುವುದು ಮೆಲ್ಬರ್ನ್‌ನಲ್ಲಿ. ಆನ್‌ಲೈನ್‌ನಲ್ಲಿ 45 ಡಾಲರ್ ಕೊಟ್ಟು ಒಂದು ಕಿಟ್ ತರಿಸಿದೆ: 14 ಇಂಚಿನ ಹಸಿರು ಪ್ಲಾಸ್ಟಿಕ್ ಪ್ಯಾನ್, ಜರಡಿ, ಚಿನ್ನದ ಚೂರು ಹೀರಿಕೊಳ್ಳುವ ಬಾಟಲಿ, ಅಯಸ್ಕಾಂತ, ಚಿಕ್ಕ ಸೀಸೆ. ಬ್ಯಾಲರಟ್ ಹತ್ತಿರದ ಕ್ರೆಸ್ವಿಕ್‌ನಲ್ಲಿ ಸ್ಲೇಟಿ ಕ್ರೀಕ್ ಅಂತ ಒಂದು ಹಳ್ಳ ಇದೆ, 1851ರಲ್ಲಿ ಚಿನ್ನ ಸಿಕ್ಕಿತು ಅಂತ ಜನ ಮುಗಿಬಿದ್ದ ಸೀಮೆ ಅದು. ಅಲ್ಲಿಗೇ ಐದು ಸಲ ಹೋಗಿ ಬಂದೆ.

ಪ್ಯಾನ್ ನಿಜಕ್ಕೂ ಚೆನ್ನಾಗಿದೆ. ಹಸಿರು ಬಣ್ಣದ ಮೇಲೆ ಕಪ್ಪು ಮರಳೂ (ಕಬ್ಬಿಣದ ಅಂಶ ಇರುವ ಭಾರದ ಮರಳು, ಚಿನ್ನದ ಜೊತೆಗೇ ತಳದಲ್ಲಿ ಉಳಿಯುತ್ತದೆ) ಕಾಣುತ್ತದೆ, ಹಳದಿ ಚೂರೂ ಕಾಣುತ್ತದೆ. ಕಬ್ಬಿಣದ ತಟ್ಟೆಯ ಹಾಗೆ ತುಕ್ಕು ಹಿಡಿಯಲ್ಲ, ಅಯಸ್ಕಾಂತಕ್ಕೆ ಅಂಟಿಕೊಳ್ಳಲ್ಲ. ಒಂದು ಬದಿಯ ಒಳಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಏಣುಗಳಿವೆ, ಮರಳು ಹೊರಗೆ ಹರಿಯುವಾಗ ಭಾರದ್ದು ಅಲ್ಲೇ ತಡೆದು ನಿಲ್ಲುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಸಾಮಾನ್ಯ ಮರಳು ಎರಡೂವರೆ ಪಟ್ಟು ಚಿಲ್ಲರೆ ಅಷ್ಟೇ. ಇಡೀ ಕೆಲಸ ನಡೆಯುವುದು ಈ ವ್ಯತ್ಯಾಸದ ಮೇಲೆ.

ಅಮ್ಮ ಅಕ್ಕಿ ಜಾಲಿಸುವುದನ್ನು ನೋಡಿದ್ದೀರಲ್ವಾ, ಪಾತ್ರೆ ಅಲ್ಲಾಡಿಸಿ ಅಲ್ಲಾಡಿಸಿ ನೀರಿನ ಜೊತೆ ಅಕ್ಕಿ ಆಚೆ ಬಿಟ್ಟು ಕಲ್ಲನ್ನು ತಳದಲ್ಲೇ ಉಳಿಸಿಕೊಳ್ಳುವುದು? ಇದೂ ಅದೇ. ನಮ್ಮ ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಹಿಂದೆ ಹೀಗೇ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಮೊದಲು ಪ್ಯಾನನ್ನು ನೀರೊಳಗೆ ಇಟ್ಟುಕೊಂಡೇ ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸಬೇಕು, ಭಾರದ್ದು ಕೆಳಗಿಳಿಯಲಿ. ಆಮೇಲೆ ಓರೆ ಮಾಡಿ ಮೇಲಿನದನ್ನು ಸ್ವಲ್ಪ ಸ್ವಲ್ಪ ಬಿಡಬೇಕು, ಮತ್ತೆ ಅಲ್ಲಾಡಿಸಬೇಕು. ನಾನು ಮೊದಲ ದಿನ ಅಲ್ಲಾಡಿಸುವುದು ಬಿಟ್ಟು ಸುಮ್ನೆ ಸುತ್ತಿಸಿದ್ದೆ, ಏನೂ ಉಳಿಯಲಿಲ್ಲ. ಮನೆಗೆ ಬಂದು ಸೀಸದ 10 ಸಣ್ಣ ಗುಂಡು ಮರಳಲ್ಲಿ ಬೆರೆಸಿ ಬಕೆಟ್ಟಿನಲ್ಲಿ ತೊಳೆದು ನೋಡಿದೆ. 6 ಸಿಕ್ಕವು. ಒಂದು ವಾರ ಸಂಜೆ ಹೊತ್ತು ಅಭ್ಯಾಸ ಮಾಡಿದ ಮೇಲೆ ಹತ್ತಕ್ಕೆ ಹತ್ತು. ಸೀಸವೇ ಉಳಿದರೆ ಅದಕ್ಕಿಂತ ಭಾರದ ಚಿನ್ನ ಉಳಿಯುತ್ತದೆ.

ಹೊಸ ಪ್ಯಾನಿನಲ್ಲಿ ಎಣ್ಣೆ ಜಿಡ್ಡು ಇರುತ್ತದೆ, ಪಾತ್ರೆ ಸೋಪು ಹಾಕಿ ಚೆನ್ನಾಗಿ ತಿಕ್ಕಿ. ಇಲ್ಲದಿದ್ದರೆ ಸಣ್ಣ ಪುಡಿ ನೀರಿನ ಮೇಲೆ ತೇಲಿಕೊಂಡು ಹೋಗಿಬಿಡುತ್ತದೆ.

ಇನ್ನು ಉಳಿದ ಸಾಮಾನು. ಜರಡಿ ಪರವಾಗಿಲ್ಲ. ಬಾಟಲಿಯ ಮುಚ್ಚಳ ಎರಡನೇ ಸಲಕ್ಕೇ ಸೋರಿತು, ಒಂದು ಬೆಳಗ್ಗೆ ಪೂರ್ತಿ ಕೂತು ಹೀರಿಕೊಂಡಿದ್ದ ಚೂರುಗಳು ಜೇಬಿನೊಳಗೆ ಹೋದವು. ತುಂಬಾ ಬೇಜಾರಾಯಿತು. ಮಾರಿದವರಿಗೆ ಬರೆದೆ, ಉತ್ತರ ಇಲ್ಲ. ಅಯಸ್ಕಾಂತಕ್ಕೆ ಶಕ್ತಿಯೇ ಇಲ್ಲ, ಕಪ್ಪು ಮರಳು ಅರ್ಧವೂ ಎತ್ತಲ್ಲ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಚಿನ್ನ ಹುಡುಕಲು ಮೈನರ್ಸ್ ರೈಟ್ ಅನ್ನುವ ಪರವಾನಗಿ ಬೇಕು, ಒಮ್ಮೆ ತಗೊಂಡರೆ 10 ವರ್ಷ. ಕೈ ಸಲಕರಣೆ ಮಾತ್ರ, ಪಂಪು ಗಿಂಪು ಇಲ್ಲ, ತೋಡಿದ ಗುಂಡಿ ಮುಚ್ಚಿಯೇ ಬರಬೇಕು. ದಯವಿಟ್ಟು ಮುಚ್ಚಿ, ಬಾಯ್ತೆರೆದ ಗುಂಡಿಗಳನ್ನು ನೋಡಿದರೆ ಸಂಕಟವಾಗುತ್ತದೆ. ಹುಡುಕುವುದಾದರೆ ಹಳ್ಳ ತಿರುಗುವಲ್ಲಿ ಒಳಬದಿ, ದೊಡ್ಡ ಬಂಡೆಯ ಹಿಂದೆ, ತಳದ ಕಲ್ಲಿನ ಸೀಳುಗಳಲ್ಲಿ ನೋಡಿ. ನೀರಿನ ಓಟ ಕಡಿಮೆಯಾಗುವ ಕಡೆ ಭಾರದ್ದು ಕೂರುತ್ತದೆ. ನನಗೆ ಜಾಸ್ತಿ ಸಿಕ್ಕಿದ್ದು ಸೀಳುಗಳಲ್ಲೇ, ಹಳೇ ಚಮಚದಲ್ಲಿ ಕೆರೆದು ತೆಗೆದ ಮಣ್ಣಿನಲ್ಲಿ.

ಐದು ಸಲಕ್ಕೆ 23 ಚೂರು, ಎಲ್ಲವೂ ರವೆಗಿಂತ ಸಣ್ಣವು. ಮಾರಿ ದುಡ್ಡು ಮಾಡುವ ಯೋಚನೆ ಇದ್ದರೆ ಬೇಡ. ಆದರೆ ಕಪ್ಪು ಮರಳಿನ ಅಂಚಿನಲ್ಲಿ ಮೊದಲ ಹಳದಿ ಚುಕ್ಕೆ ನಿಂತಾಗ ಬೆನ್ನು ನೋವು, ತಣ್ಣೀರು ಎಲ್ಲ ಮರೆತುಹೋಗುತ್ತದೆ.

ಮಕ್ಕಳಿಗೆ 14 ಇಂಚು ಭಾರ, ಮರಳು ನೀರು ತುಂಬಿದರೆ ಕೈ ಸೋಲುತ್ತದೆ. 10 ಇಂಚಿನದು ಬೇರೆಯಾಗಿ ಸಿಗುತ್ತದೆ, ಅದನ್ನು ಕೊಡಿಸಿ. ನನ್ನ ಮಗಳಿಗೆ ಮೊದಲ ಚೂರು ಸಿಕ್ಕಿದ್ದು ಅದರಲ್ಲೇ.