ಎರ್ಬಿಲ್ ಅಥವಾ ರೊಜಾವಾ: ಕುರ್ದರ ಪ್ರಶ್ನೆಯನ್ನು ಎಲ್ಲಿಂದ ಓದಬೇಕು?

ಸ್ವಂತ ರಾಷ್ಟ್ರವಿಲ್ಲದೆ ಟರ್ಕಿ, ಇರಾನ್, ಇರಾಕ್ ಮತ್ತು ಸಿರಿಯಾಗಳಲ್ಲಿ ಹಂಚಿಹೋಗಿರುವ ಕುರ್ದ್ ಜನರ ಸ್ವಾತಂತ್ರ್ಯದ ಹಂಬಲವನ್ನು ಅಧ್ಯಯನಕ್ಕೆ ಆರಿಸಿಕೊಳ್ಳುವ ವಿದ್ಯಾರ್ಥಿಯು ಸಾಮಾನ್ಯವಾಗಿ ಎರ್ಬಿಲ್ ರಾಜಧಾನಿಯಾಗಿರುವ ಇರಾಕಿನ ಕುರ್ದಿಸ್ತಾನ ಮತ್ತು ಸಿರಿಯಾದ ಉತ್ತರದ ಕುರ್ದ್ ಪ್ರದೇಶವಾದ ರೊಜಾವಾ ಇವೆರಡರ ನಡುವೆ ಆಯ್ಕೆ ಮಾಡಬೇಕಾಗುತ್ತದೆ.

ಇರಾಕಿನ ಕುರ್ದರಿಗೆ 2005ರ ಸಂವಿಧಾನವೇ ಪ್ರಾದೇಶಿಕ ಸರ್ಕಾರವನ್ನೂ ಸ್ವಂತ ಭದ್ರತಾ ಪಡೆಯನ್ನೂ ಒಪ್ಪಿಕೊಟ್ಟಿದೆ. ಆದರೂ 2017ರ ಸೆಪ್ಟೆಂಬರ್ 25ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದಾಗ ಬಗ್ದಾದಿನ ಕೇಂದ್ರ ಸರ್ಕಾರದ ಜೊತೆಗೆ ಟರ್ಕಿ, ಇರಾನ್‌ಗಳೂ ತಿರುಗಿಬಿದ್ದವು. ಮೂರೇ ವಾರಗಳಲ್ಲಿ ತೈಲಸಮೃದ್ಧ ಕಿರ್ಕುಕ್ ಇರಾಕಿ ಸೇನೆಯ ವಶವಾಯಿತು; ಅದಾದ ಮೇಲೆ ಕುರ್ದಿಸ್ತಾನದ ಅಧ್ಯಕ್ಷ ಮಸೂದ್ ಬರ್ಜಾನಿ ಹುದ್ದೆಯಿಂದ ಕೆಳಗಿಳಿದರು. ಮತಪೆಟ್ಟಿಗೆಯಲ್ಲಿ ಗೆದ್ದ ಜನ ನೆಲದ ಮೇಲೆ ಸೋತ ಈ ಪ್ರಸಂಗ ನನ್ನ ದೃಷ್ಟಿಯಲ್ಲಿ ಬಹಳ ನೋವಿನದು.

ರೊಜಾವಾದ ಮುಖಂಡರು ಪ್ರತ್ಯೇಕ ರಾಷ್ಟ್ರದ ಬದಲು ಸಿರಿಯಾದೊಳಗೇ ವಿಕೇಂದ್ರೀಕೃತ ಆಡಳಿತವನ್ನು ಕೇಳಿದರು. 2012ರಲ್ಲಿ ಸಿರಿಯಾದ ಆಗಿನ ಅಧ್ಯಕ್ಷ ಅಸ್ಸಾದ್ ಸೇನೆ ಹಿಂದೆ ಸರಿದ ಮೇಲೆ ಸ್ಥಳೀಯ ಸಮಿತಿಗಳನ್ನು ಕಟ್ಟಿ, ಆಡಳಿತದ ಮುಖ್ಯ ಹುದ್ದೆಗಳಲ್ಲಿ ಪುರುಷನೊಂದಿಗೆ ಮಹಿಳೆಯೂ ಇರುವ ಸಹ-ಅಧ್ಯಕ್ಷತೆಯ ಪದ್ಧತಿಯನ್ನು ತಂದು, ಐಸಿಸ್‌ ಉಗ್ರರಿಂದ ಕೊಬಾನಿ ಪಟ್ಟಣವನ್ನು ಉಳಿಸಿಕೊಂಡರು. ಆದರೆ ಆ ಆಡಳಿತಕ್ಕೆ ಸಂವಿಧಾನದ ಆಸರೆ ಇರಲಿಲ್ಲ; 2018ರಲ್ಲಿ ರೊಜಾವಾದ ಆಫ್ರಿನ್ ಪ್ರದೇಶ ಟರ್ಕಿಯ ಪಾಲಾಯಿತು.

ಸಮಾಜವನ್ನು ಹೊಸದಾಗಿ ಕಟ್ಟುವ ಪ್ರಯತ್ನದಲ್ಲಿ ಆಸಕ್ತಿಯುಳ್ಳವರು ರೊಜಾವಾವನ್ನು ಆರಿಸಬಹುದು. ಮೊದಲ ಓದಿಗೆ ಮಾತ್ರ ನಾನು ಎರ್ಬಿಲ್ಲನ್ನೇ ಸೂಚಿಸುತ್ತೇನೆ, ಏಕೆಂದರೆ ಸಂವಿಧಾನ, ತೈಲ ಮತ್ತು ನೆರೆರಾಷ್ಟ್ರಗಳ ಒತ್ತಡ ಮೂರೂ ಅಲ್ಲಿ ಒಂದೇ ಕಡೆ ಸ್ಪಷ್ಟವಾಗಿ ಕಾಣುತ್ತವೆ.