ಚಿಪ್ಪು ಅಳೆದುಕೊಟ್ಟ ಲ್ಯಾಬು: ಅಳತೆಗೆ ಪೂರ್ತಿ ಅಂಕ, ಕೊನೆಯ ಕಾಲಂಗೆ ಸೊನ್ನೆ

ಮೂರು ವಾರ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಒದ್ದೆ ಬ್ರಷ್ಷಿನ ತುದಿಯಲ್ಲಿ ಒಂದೊಂದಾಗಿ ಆರಿಸಿದ ಫೊರಾಮಿನಿಫೆರಾ (ಕಡಲಿನ ಏಕಕೋಶ ಜೀವಿ) ಚಿಪ್ಪುಗಳು. ಒಂದೊಂದೂ ಮರಳಿನ ಕಾಳಿನಷ್ಟೇ. ಅವನ್ನು ಬೇರೆಯವರ ಕೈಗೆ ಕೊಡುವಾಗ ಹೊಟ್ಟೆಯೊಳಗೆ ಏನೋ ಸಂಕಟ. ಹಾಗಾಗಿಯೇ, ಅವುಗಳ ಐಸೊಟೋಪ್ (ಒಂದೇ ಧಾತುವಿನ ಭಾರ-ಹಗುರ ರೂಪ) ಅಳೆದುಕೊಟ್ಟ ಈ ಲ್ಯಾಬಿನ ಬಗ್ಗೆ ಬರೆಯುತ್ತಿದ್ದೇನೆ. ದೂರೂ ಇರುವುದರಿಂದ ಹೆಸರು ಬೇಡ.

ಕಳಿಸಿದ್ದು 40 ವಯಲ್, ಅಂದರೆ ಚಿಪ್ಪು ತುಂಬಿದ ಪುಟ್ಟ ಶೀಶೆ. ಎಲ್ಲವೂ 5.6 ಕೋಟಿ ವರ್ಷ ಹಳೆಯ ಕಡಲ ಕೆಸರಿನವು. ಆಗ ಕೆಲವೇ ಸಾವಿರ ವರ್ಷಗಳಲ್ಲಿ ಭೂಮಿ ಸುಮಾರು 5 ಡಿಗ್ರಿ ಬಿಸಿಯಾಗಿತ್ತು. ನೀರು ಬೆಚ್ಚಗಿದ್ದಷ್ಟೂ ಚಿಪ್ಪಿಗೆ ಭಾರದ ಆಕ್ಸಿಜನ್-18 ಕಡಿಮೆ ಸೇರುತ್ತದೆ, ಹಾಗಾಗಿ ಅದನ್ನು ಅಳೆದು ಆಗಿನ ಕಡಲಿನ ಉಷ್ಣತೆ ಲೆಕ್ಕ ಹಾಕಬಹುದು. ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ 1947ರಲ್ಲೇ ತೋರಿಸಿಕೊಟ್ಟ ದಾರಿ ಇದು. ಲ್ಯಾಬಿನವರು ಚಿಪ್ಪಿಗೆ ಫಾಸ್ಫಾರಿಕ್ ಆಸಿಡ್ ಹಾಕಿ, ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಐಸೊಟೋಪ್‌ಗಳನ್ನು ಭಾರದ ಮೇಲೆ ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡುತ್ತಾರೆ. ಚಿಪ್ಪು ಕರಗಿತು ಅಂದರೆ ಮುಗೀತು, ಎರಡನೇ ಅವಕಾಶ ಇಲ್ಲ.

ಅದಕ್ಕೇ ಅವರ ಒಂದು ಫೋನ್ ತುಂಬಾ ಹಿಡಿಸಿತು. "11ನೇ ವಯಲ್‌ನ ಚಿಪ್ಪು ಗಾಜಿನ ಹಾಗೆ ಹೊಳೀತಿಲ್ಲ, ಸಕ್ಕರೆ ಮೆತ್ತಿದ ಹಾಗಿದೆ. ಹಾಕೋದಾ, ಬಿಡೋದಾ?" ಅಂತ ಕೇಳಿದರು. ಕೆಸರಿನಡಿ ಹೂತ ಮೇಲೆ ಹೊಸ ಕ್ಯಾಲ್ಸೈಟ್ (ಚಿಪ್ಪಿನದೇ ಖನಿಜ) ಬೆಳೆದಿರುವ ಲಕ್ಷಣ ಅದು. ಅಳೆದರೆ ಸಿಗುವುದು ತಳದ ತಣ್ಣೀರಿನ ಗುರುತು, ಜೀವಿ ಬದುಕಿದ್ದ ಮೇಲಿನ ನೀರಿನದಲ್ಲ. ಬಿಡಿ ಅಂದೆ. ಕೇಳದೇ ಅಳೆದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಮೆಗ್ನೀಸಿಯಂ-ಕ್ಯಾಲ್ಸಿಯಂ ಅಳತೆಯೂ ಅಚ್ಚುಕಟ್ಟು. ನೀರು ಒಂದು ಡಿಗ್ರಿ ಏರಿದರೆ ಈ ಅನುಪಾತ ಸುಮಾರು 9% ಏರುತ್ತದೆ. ಆದರೆ ಚಿಪ್ಪಿನ ಕೋಣೆಯೊಳಗೆ ಚೂರು ಜೇಡಿ ಉಳಿದರೂ ಅದರ ಮೆಗ್ನೀಸಿಯಂ ಸೇರಿ ಲೆಕ್ಕ ಕೆಡುತ್ತದೆ. ಇವರು ಜೇಡಿಯ ಸುಳಿವು ಕೊಡುವ ಅಲ್ಯೂಮಿನಿಯಂ ಕೂಡ ಅಳೆದು, ಅದು ಜಾಸ್ತಿ ಇದ್ದ ಮೂರು ಸ್ಯಾಂಪಲ್‌ಗಳಿಗೆ ತಾವೇ ಗುರುತು ಹಾಕಿದ್ದರು.

ಈಗ ದೂರು. ವರದಿಯ ಕೊನೆಯಲ್ಲಿ, ನಾನು ಕೇಳದೇ ಇದ್ದರೂ, "ಉಷ್ಣತೆ" ಅಂತ ಒಂದು ಕಾಲಂ. ಓದಿದರೆ ಕಡಲು ಕುದಿಯೋಕೆ ಹೊರಟ ಹಾಗಿತ್ತು. ಹುಡುಕಿದಾಗ ತಿಳಿಯಿತು, ಇವತ್ತಿನ ಕಡಲ ನೀರಿನ ಆಕ್ಸಿಜನ್-18 ಬೆಲೆ, ಅಂದರೆ ಅಳತೆಪಟ್ಟಿಯ ಸೊನ್ನೆಯನ್ನೇ ಸೂತ್ರಕ್ಕೆ ಹಾಕಿದ್ದಾರೆ. ಆಗ ಧ್ರುವಗಳಲ್ಲಿ ದೊಡ್ಡ ಹಿಮದ ಹಾಸೇ ಇರಲಿಲ್ಲ. ಇವತ್ತು ಹಿಮದಲ್ಲಿ ಸಿಕ್ಕಿಕೊಂಡಿರುವ ಹಗುರ ಆಕ್ಸಿಜನ್ ಆಗ ಕಡಲಲ್ಲೇ ಇತ್ತು. ಹಾಗಾಗಿ ನೀರಿಗೆ ಸುಮಾರು ಮೈನಸ್ 1 ಹಾಕಬೇಕು. ಆ ಒಂದಂಕೆಯ ತಪ್ಪಿಗೆ 4 ಡಿಗ್ರಿಗೂ ಜಾಸ್ತಿ ಸುಳ್ಳು ಬಿಸಿ! ಹೊಸ ವಿದ್ಯಾರ್ಥಿ ಯಾರಾದರೂ ಇದನ್ನೇ ಪ್ರಬಂಧಕ್ಕೆ ಇಳಿಸಿದರೆ ಗತಿ ಏನು? ಮೇಲ್ ಮಾಡಿದೆ. "ಅದು ಸುಮ್ನೆ ಅನುಕೂಲಕ್ಕೆ" ಅಂತ ಉತ್ತರ ಬಂತು.

24ನೇ ವಯಲ್ ಖಾಲಿ ಅಂತಲೂ ಬರೆದಿದ್ದರು. ಅದು ನನ್ನದೇ ತಪ್ಪಿರಬೇಕು. ಒಣ ಹವೆಗೆ ಚಿಪ್ಪು ಸ್ಟ್ಯಾಟಿಕ್ ಹಿಡಿದು ಸೂಜಿಯಿಂದ ಹಾರುತ್ತದೆ, ಆಮೇಲೆ ಟೇಬಲ್ ಎಲ್ಲ ಹುಡುಕಿದರೂ ಸಿಗಲ್ಲ.

ಮುಂದಿನ ಕಂತನ್ನೂ ಇವರಿಗೇ ಕಳಿಸುತ್ತೇನೆ. ಫಾರಂ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಾಗಿದೆ: ಉಷ್ಣತೆ ನಾನೇ ಲೆಕ್ಕ ಹಾಕ್ತೀನಿ.