ಎಲ್ಲ ಡಬ್ಬಕ್ಕೂ ‘ಗರಿಗರಿ’ ಚೀಟಿ: ಒಂದು ಕಾಂಡಿಮೆಂಟ್ಸ್ ಅಂಗಡಿಯ ವಿಮರ್ಶೆ

ಬಸವನಗುಡಿಯ ಆಸುಪಾಸಿನಲ್ಲಿರುವ ಈ ಕಾಂಡಿಮೆಂಟ್ಸ್ ಅಂಗಡಿಯ ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಡಬ್ಬಗಳನ್ನು ಜೋಡಿಸಿಟ್ಟಿದ್ದಾರೆ. ಉದ್ದಿನ ಹಪ್ಪಳ, ಹಲಸಿನ ಹಪ್ಪಳ, ಅರಳು ಸಂಡಿಗೆ, ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಖಾರಾಸೇವೆ, ಖಡಕ್ ರೊಟ್ಟಿ, ಚಿರೋಟಿ, ಮೈಸೂರು ಪಾಕು ಎಲ್ಲವೂ ಅಲ್ಲಿ ಸಿಗುತ್ತವೆ. ಪ್ರತಿಯೊಂದು ಡಬ್ಬದ ಮೇಲೂ ಅಚ್ಚು ಹಾಕಿಸಿದ ಒಂದೇ ಬಗೆಯ ಚೀಟಿ ಇದೆ: ಗರಿಗರಿ ಚಕ್ಕುಲಿ, ಗರಿಗರಿ ನಿಪ್ಪಟ್ಟು, ಗರಿಗರಿ ರೊಟ್ಟಿ. ಮೈಸೂರು ಪಾಕನ್ನೂ ಬಿಟ್ಟಿಲ್ಲ. ತಿಂಡಿಗಳು ಬಹುಪಾಲು ಚೆನ್ನಾಗಿವೆ, ಕೆಲವಂತೂ ಮನೆಯಲ್ಲಿ ಮಾಡಿದ್ದಕ್ಕೆ ಸರಿಸಮನಾಗಿವೆ. ಆದರೆ ಯಾವುದು ಹೇಗಿದೆ ಎಂಬುದು ಆ ಚೀಟಿಗಳಿಂದ ಸ್ವಲ್ಪವೂ ತಿಳಿಯುವುದಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಪ್ರತಿ ತಿಂಡಿಯನ್ನೂ ಅದಕ್ಕೆ ಸಲ್ಲಬೇಕಾದ ಮಾತಿನಿಂದಲೇ ಅಳೆದು ನೋಡಿದ್ದೇನೆ. ಕೆಲವು ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಹಾಕಿಲ್ಲ.

ಮೊದಲು ಹಪ್ಪಳದ ವಿಚಾರ. ಚೀಟಿ ಸರಿಯಾಗಿ ಒಪ್ಪುವುದು ಇದಕ್ಕೇ. ಗರಿಗರಿ ಎಂಬ ಮಾತು ನಾಲಿಗೆಗಿಂತ ಮೊದಲು ಕಣ್ಣಿಗೂ ಕೈಗೂ ಸೇರಿದ್ದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ ಗರಿಗರಿ, ಬ್ಯಾಂಕಿನಿಂದ ಆಗತಾನೇ ಬಂದ ನೋಟು ಗರಿಗರಿ. ತೆಳ್ಳಗಿದ್ದರೂ ಬಳುಕದೆ ಸೆಟೆದು ನಿಲ್ಲುವ ಗುಣಕ್ಕೆ ಕನ್ನಡದಲ್ಲಿ ಆ ಹೆಸರು. ಕಾದ ಎಣ್ಣೆಗೆ ಬಿದ್ದೊಡನೆ ಉಬ್ಬಿ, ಹೊರಬಂದು ಜಾಲರಿಯ ಮೇಲೆ ಒರಗಿ ನಿಂತ ಉದ್ದಿನ ಹಪ್ಪಳಕ್ಕೂ ಕಾವಲಿಯಿಂದ ತಾನಾಗಿ ಅಂಚು ಬಿಟ್ಟುಕೊಂಡು ಏಳುವ ತೆಳು ದೋಸೆಗೂ ಅದು ಹೇಳಿ ಮಾಡಿಸಿದ ಮಾತು. ನಿಪ್ಪಟ್ಟನ್ನು ಗರಿಗರಿ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ ನಿಜ, ಆದರೆ ಕುರುಕುರು ನೋಟು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗರಿಗರಿ ಇರುವುದು ನೋಡಿದರೆ, ಮುಟ್ಟಿದರೆ ಗೊತ್ತಾಗುತ್ತದೆ. ಕುರುಕುರು ಎನ್ನಬೇಕಾದರೆ ಪದಾರ್ಥ ಹಲ್ಲಿಗೆ ಸಿಗಲೇಬೇಕು. ಅಂಗಡಿಯ ಉದ್ದಿನ ಹಪ್ಪಳವನ್ನು ಹಸಿಯಾಗಿ ಕೊಂಡು ಮನೆಯಲ್ಲಿ ಕರಿದರೆ ಚೀಟಿಯ ಮಾತು ಉಳಿಯುತ್ತದೆ. ಹಪ್ಪಳಖಾರ ಹದವಾಗಿ ಬಿದ್ದಿದೆ, ಕಹಿ ಇಲ್ಲ. ಕರಿದು ಪೊಟ್ಟಣ ಕಟ್ಟಿಟ್ಟ ಹಪ್ಪಳವನ್ನು ಮಾತ್ರ ಕೊಳ್ಳಬೇಡಿ, ಅದು ಮನೆ ತಲುಪುವ ಹೊತ್ತಿಗೆ ಬಾಗುತ್ತದೆ. ಹಲಸಿನ ಹಪ್ಪಳ ಇದಕ್ಕಿಂತ ದಪ್ಪ. ಅದನ್ನು ಅಗಿದರೆ ಕರುಂ ಕುರುಂ ಎಂಬ ಸದ್ದು ಬರುತ್ತದೆ, ಕೊನೆಗೆ ಹಲಸಿನ ಸಣ್ಣ ಸಿಹಿ ಉಳಿಯುತ್ತದೆ. ನನ್ನ ಮಟ್ಟಿಗೆ ಅಂಗಡಿಯ ಅತ್ಯುತ್ತಮ ಪದಾರ್ಥ ಅದೇ.

ಚಕ್ಕುಲಿಯ ಡಬ್ಬದ ಎದುರು ಒಮ್ಮೆ ನನ್ನ ಮುಂದೆ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ರುಚಿ ನೋಡಲೆಂದು ಕೊಟ್ಟ ಚಕ್ಕುಲಿಯನ್ನು ಬಾಯಿಗೆ ಹಾಕುವ ಬದಲು ಅವರು ಕಿವಿಯ ಹತ್ತಿರ ಹಿಡಿದು ಎರಡು ಬೆರಳಿನಿಂದ ಮುರಿದರು. ಮುರಿದ ಚೂರನ್ನು ಮತ್ತೊಮ್ಮೆ ಮುರಿದು, “ಇದು ನಿನ್ನೇದಲ್ಲಪ್ಪಾ, ಮೊನ್ನೇದು. ಸದ್ದೇ ಇಲ್ಲ, ಸುಮ್ನೆ ಬಿಟ್ಕೋತಿದೆ” ಎಂದರು. ಅಂಗಡಿಯ ಹುಡುಗ, “ಮಳೆ ಹಿಡ್ಕೊಂಡಿದೆಯಲ್ಲಮ್ಮಾ, ಡಬ್ಬ ತೆಗೆದು ಮುಚ್ಚಿ ಮಾಡ್ತಿದ್ರೆ ಹಂಗಾಗುತ್ತೆ” ಎಂದು ಒಪ್ಪಿಕೊಂಡು, ಒಳಗಿನಿಂದ ಬೇರೆ ತಟ್ಟೆಯನ್ನು ತಂದ. ಅದರಲ್ಲಿನ ಚಕ್ಕುಲಿ ಮುರಿದಾಗ ಎರಡು ಮಾರು ದೂರದಲ್ಲಿದ್ದ ನನಗೂ ಕೇಳಿಸಿತು.

ಆ ಹಿರಿಯರು ಮಾಡಿದ ಪರೀಕ್ಷೆಗೆ ಗಟ್ಟಿಯಾದ ಕಾರಣವಿದೆ. ಹಿಟ್ಟಿನಲ್ಲಿರುವ ನೀರು ಎಣ್ಣೆಯ ಕಾವಿಗೆ ಆವಿಯಾಗಿ ಹೊರಟುಹೋದಾಗ ಚಕ್ಕುಲಿಯೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ, ಅವುಗಳ ಸುತ್ತಲಿನ ಪಿಷ್ಟದ ಗೋಡೆಗಳು ಒಣಗಿ ಬಿರುಸಾಗುತ್ತವೆ. ಹಲ್ಲು ತಾಗಿದಾಗ ಆ ಗೋಡೆಗಳು ಒಂದರ ಹಿಂದೊಂದು ಸಿಡಿದು ಒಡೆಯುವ ಸದ್ದೇ ನಾವು ಕುರುಂ ಕುರುಂ ಎನ್ನುವುದು. ಗಾಳಿಯ ತೇವ ಹೀರಿಕೊಂಡ ಮೇಲೆ ಗೋಡೆಗಳು ಒಡೆಯುವ ಬದಲು ಬಾಗುತ್ತವೆ. ಹೀಗಾಗಿ ರುಚಿ ಕೆಡುವುದಕ್ಕೆ ಎಷ್ಟೋ ಮೊದಲೇ ಸದ್ದು ಅಡಗುತ್ತದೆ. ಜಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹೆಡ್‌ಫೋನ್ ಹಾಕಿಕೊಂಡು ಆಲೂಗಡ್ಡೆ ಚಿಪ್ಸ್ ಕಚ್ಚಿದವರಿಗೆ ಅವರ ಕಚ್ಚಿನ ಸದ್ದನ್ನೇ ಹೆಚ್ಚಿಸಿ ಕೇಳಿಸಿದಾಗ, ಚಿಪ್ಸ್ ಹೆಚ್ಚು ಕುರುಕಲಾಗಿಯೂ ತಾಜಾ ಆಗಿಯೂ ಇದೆ ಎಂದು ಅವರಿಗೆ ಅನ್ನಿಸಿತು. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2008ರಲ್ಲಿ ಆ ಕೆಲಸಕ್ಕೆ ಬಂತು. ನಮ್ಮ ಅಡುಗೆಮನೆಗಳಲ್ಲಿ ಕಿವಿಯ ಕೆಲಸ ಇನ್ನೂ ಮುಂಚೆಯೇ ಶುರುವಾಗುತ್ತದೆ, ಎಣ್ಣೆಯ ನೊರೆ ಇಳಿದು ಚುರುಗುಟ್ಟುವ ಸದ್ದು ಅಡಗಿದ ಮೇಲೆಯೇ ಚಕ್ಕುಲಿಯನ್ನು ತೆಗೆಯುವುದು ರೂಢಿ. ನೀರೆಲ್ಲ ಹೋಗಿದೆ ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಗುರುತಿಲ್ಲ.

ಚಕ್ಕುಲಿಗೆ ಸಲ್ಲುವ ಮಾತು ಕುರುಕುರು. ಶಾಲೆಯ ವ್ಯಾಕರಣದಲ್ಲಿ ಪಟಪಟ, ಧಗಧಗಗಳ ಜೊತೆಗೆ ಅನುಕರಣಾವ್ಯಯ ಎಂದು ಕಲಿತ ಗುಂಪಿಗೆ ಸೇರುವ ಮಾತು ಇದು, ಸದ್ದೇ ಇಲ್ಲಿ ಅರ್ಥ. ಅಂಗಡಿಯ ತಾಜಾ ಚಕ್ಕುಲಿ ಈ ಮಾತಿಗೆ ತಕ್ಕಂತಿದೆ. ಹಿಟ್ಟಿಗೆ ಬೆಣ್ಣೆ ಕಡಿಮೆಯಾದರೆ ಚಕ್ಕುಲಿ ಕಲ್ಲಾಗುತ್ತದೆ, ಹೆಚ್ಚಾದರೆ ಎಣ್ಣೆಯಲ್ಲೇ ಬಿಚ್ಚಿಕೊಂಡು ಹುಡಿಯಾಗುತ್ತದೆ. ಇವರ ಕೈಗೆ ಆ ಅಳತೆ ಕೂತಿದೆ. ಮುಳ್ಳು ಮೊನಚಾಗಿದೆ, ಸುತ್ತು ಬಿಡದೆ ನಿಂತಿದೆ, ತಿಂದ ಬೆರಳಿಗೆ ಎಣ್ಣೆ ಹತ್ತುವುದಿಲ್ಲ. ಬೆಣ್ಣೆ ಮುರುಕು ಎಂದು ಇನ್ನೊಂದು ಡಬ್ಬ ಪಕ್ಕದಲ್ಲೇ ಇದೆ, ಅದೇ ಗರಿಗರಿ ಚೀಟಿ ಅದಕ್ಕೂ ಇದೆ, ಆದರೆ ಅದು ಕುರುಕುರುವೂ ಅಲ್ಲ. ಹಲ್ಲು ತಾಗಿದೊಡನೆ ಹುಡಿಹುಡಿಯಾಗಿ ನಾಲಿಗೆಯ ಮೇಲೆ ಕರಗುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಕೊಂಡೊಯ್ಯುವವರಿಗೆ ಈ ವ್ಯತ್ಯಾಸ ಡಬ್ಬದ ಮೇಲೆಯೇ ಕಾಣುವಂತಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು.

ನಿಪ್ಪಟ್ಟಿನಲ್ಲಿ ನನಗೆ ಅಸಮಾಧಾನವಿದೆ. ಗಟ್ಟಿ ಎಂಬ ಮಾತು ಚಟ್ನಿಗೆ ಹೊಗಳಿಕೆ, ಮೊಸರಿಗೆ ಹೊಗಳಿಕೆ, ನಿಪ್ಪಟ್ಟಿಗೆ ಬಂದರೆ ದೂರು. ಒಳ್ಳೆಯ ನಿಪ್ಪಟ್ಟು ಅಂಚಿನಲ್ಲಿ ತೆಳ್ಳಗಿದ್ದು, ನಡುವೆ ಕಡಲೆಕಾಯಿ ಬೀಜ ಮತ್ತು ಹುರಿಗಡಲೆಯ ತರಿ ಹಲ್ಲಿಗೆ ಸಿಗುತ್ತಾ, ಮೂರ್ನಾಲ್ಕು ಅಗಿತದಲ್ಲಿ ಮುಗಿಯಬೇಕು. ಇಲ್ಲಿಯದು ಎಲ್ಲ ಕಡೆಯೂ ಒಂದೇ ದಪ್ಪವಾಗಿದ್ದು, ಕಟಂ ಎಂದು ಮುರಿದು ದೊಡ್ಡ ಚೂರುಗಳಾಗುತ್ತದೆ. ಬೀಜವನ್ನು ನುಣ್ಣಗೆ ಪುಡಿ ಮಾಡಿ ಹಾಕಿದ್ದಾರೆ. ತರಿತರಿಯಾಗಿ ಕುಟ್ಟಿ ಹಾಕಿದ್ದರೆ ಇದೇ ಹಿಟ್ಟು ಬೇರೆಯೇ ಆಗುತ್ತಿತ್ತು. ಕರಿಬೇವು, ಎಳ್ಳು, ಖಾರ ಎಲ್ಲವೂ ಹಿತವಾಗಿರುವುದರಿಂದ ಈ ಕೊರತೆ ಮತ್ತಷ್ಟು ಎದ್ದು ಕಾಣುತ್ತದೆ.

ಕೋಡುಬಳೆ ಚೆನ್ನಾಗಿದೆ. ಒಣಕೊಬ್ಬರಿಯ ಖಾರ ಹಾಕಿ ಮಾಡಿದ ಕೆಂಪು ಕೋಡುಬಳೆ ಪಟ್ಟೆಂದು ಒಂದೇ ಏಟಿಗೆ ಮುರಿಯಬೇಕು, ಮುರಿಯುತ್ತದೆ. ಮಜ್ಜಿಗೆ ಕೋಡುಬಳೆಯನ್ನು ಸಂಜೆ ಮಾತ್ರ ಬಿಸಿಯಾಗಿ ಮಾರುತ್ತಾರೆ. ಅದು ಹೊರಗೆ ಗರಿಯಾಗಿದ್ದು ಒಳಗೆ ಮೆತ್ತಗಿರಬೇಕಾದ ಪದಾರ್ಥ, ಎರಡನ್ನೂ ಒಂದೇ ಹೆಸರಿನಿಂದ ಕೊಂಡ ಗಿರಾಕಿಯೊಬ್ಬರು ಇದು ಬೆಂದಿಲ್ಲ ಎಂದು ಹಿಂದಿರುಗಿಸಲು ಬಂದಿದ್ದನ್ನು ನೋಡಿದೆ. ಮದ್ದೂರು ರೈಲು ನಿಲ್ದಾಣದಿಂದ ಹೆಸರಾದ ವಡೆಯ ಬಗೆಯೂ ಹೀಗೆಯೇ, ಅಂಚು ಗರಿ, ಈರುಳ್ಳಿ ಇರುವ ನಡುಭಾಗ ಮೆದು. ಇಲ್ಲಿಯ ಮದ್ದೂರು ವಡೆಯನ್ನು ನಡುವಿನವರೆಗೂ ಕಡುಕಂದಾಗುವಂತೆ ಕರಿದಿದ್ದಾರೆ, ಬಹುಶಃ ಚೀಟಿಯ ಮಾತನ್ನು ಉಳಿಸಿಕೊಳ್ಳುವುದಕ್ಕೇ ಇರಬೇಕು.

ರೊಟ್ಟಿಗೆ ಗರಿಗರಿ ಚೀಟಿ ಅಂಟಿಸಿದ್ದು ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡಿತು, ಏಕೆಂದರೆ ಅದಕ್ಕೆ ಹುಟ್ಟಿದೂರಿನಲ್ಲೇ ಹೆಸರಿದೆ. ಕಲಬುರಗಿ, ವಿಜಯಪುರದ ಕಡೆಯವರು ಬಿಸಿ ರೊಟ್ಟಿ, ಖಡಕ್ ರೊಟ್ಟಿ ಎಂದು ಬೇರೆ ಬೇರೆಯಾಗಿಯೇ ಕರೆಯುತ್ತಾರೆ. ಜೋಳದಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ, ಆದ್ದರಿಂದ ಬಿಸಿ ನೀರು ಹಾಕಿ ನಾದಿದ ಹಿಟ್ಟನ್ನು ಕೈಯಿಂದ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ತೇವ ಪೂರ್ತಿ ಹೋಗುವಂತೆ ಒಣಗಿಸುತ್ತಾರೆ. ಹಾಗೆ ಒಣಗಿದ್ದು ವಾರಗಟ್ಟಲೆ ಕೆಡುವುದಿಲ್ಲ. ಖಡಕ್ ಎಂಬ ಮಾತಿನಲ್ಲಿ ಒಣಗಿದ ಗುಣವೂ ಇದೆ, ಜಗ್ಗದ ಗುಣವೂ ಇದೆ. ಖಡಕ್ ಚಹಾ, ಖಡಕ್ ಅಧಿಕಾರಿ ಎನ್ನುವಾಗಲೂ ಆ ಬಿಗಿ ಕೇಳಿಸುತ್ತದೆ. ಹಪ್ಪಳದ ಹಗುರ ಅದರಲ್ಲಿಲ್ಲ, ಇರಲೂಬಾರದು. ಎಣ್ಣೆಗಾಯಿಯ ಮಸಾಲೆಯನ್ನೋ ಶೇಂಗಾ ಚಟ್ನಿಪುಡಿ ಕಲಸಿದ ಮೊಸರನ್ನೋ ಚೂರಿನಿಂದ ತೋಡಿಕೊಂಡು ತಿನ್ನುವವರಿಗೆ ಅಷ್ಟು ಬಿಗಿ ಬೇಕೇಬೇಕು. ಅಂಗಡಿಯವರು ಈ ರೊಟ್ಟಿಯನ್ನು ಉತ್ತರ ಕರ್ನಾಟಕದಿಂದಲೇ ತರಿಸುತ್ತಾರಂತೆ. ಚೂರಾಗದೆ ಬಂದಿದೆ, ಜೋಳದ ಪರಿಮಳ ಉಳಿದಿದೆ. ಸಜ್ಜೆ ರೊಟ್ಟಿಯೂ ಇದೆ, ಅದರ ಮೇಲೆ ಎಳ್ಳು ಹಚ್ಚಿದ್ದಾರೆ. ಎರಡನ್ನೂ ಧಾರಾಳವಾಗಿ ಕೊಳ್ಳಬಹುದು.

ಅರಳು ಸಂಡಿಗೆ ಹಗುರವಾಗಿದೆ, ಉಪ್ಪು ಒಂದು ಚಿಟಿಕೆ ಹೆಚ್ಚು. ಖಾರಾಸೇವೆ ಸಾಧಾರಣ.

ಸಿಹಿಯಲ್ಲಿ ಮೈಸೂರು ಪಾಕನ್ನು ಎರಡು ಬಗೆಯಾಗಿ ಇಟ್ಟಿದ್ದಾರೆ. ಒಂದು ಈಗ ಎಲ್ಲೆಡೆ ಓಡುತ್ತಿರುವ ತುಪ್ಪದ ಮೈಸೂರು ಪಾಕು, ಬೆರಳಿನಿಂದ ಒತ್ತಿದರೆ ಕುಳಿ ಬೀಳುವಷ್ಟು ಮೃದು. ಇನ್ನೊಂದು ಹಳೆಯ ಬಗೆಯದು, ಕುದಿಯುವ ಪಾಕ ಮತ್ತು ಕಡಲೆಹಿಟ್ಟಿಗೆ ಕಾದ ತುಪ್ಪವನ್ನು ಹನಿಸುತ್ತಾ ನೊರೆ ಎಬ್ಬಿಸಿ, ತಟ್ಟೆಗೆ ಸುರಿದು ಬಿಟ್ಟದ್ದು. ಕತ್ತರಿಸಿದ ಮಗ್ಗುಲಿನಲ್ಲಿ ಗೂಡುಗೂಡಾಗಿ ರಂಧ್ರಗಳು ಕಾಣುತ್ತವೆ, ಮೇಲೂ ಕೆಳಗೂ ಹಳದಿ, ಕಾವು ಹೆಚ್ಚು ಹೊತ್ತು ನಿಂತ ನಡುಭಾಗ ಕಂದು. ಕಚ್ಚಿದಾಗ ಮೊದಲು ಕರಕ್ ಎಂದು ಒಡೆದು, ಆಮೇಲೆ ಮರಳುಮರಳಾಗಿ ಕರಗುತ್ತದೆ. ಮೊದಲ ಬಗೆಗೆ ಗರಿಗರಿ ಎಂಬ ಚೀಟಿ ಹಾಕಿರುವುದು ಗಿರಾಕಿಯ ದಾರಿ ತಪ್ಪಿಸುವ ಕೆಲಸ, ಎರಡನೆಯದಕ್ಕೆ ಹಾಕಿರುವುದು ಅರ್ಧ ಸತ್ಯ. ನಾನು ಕೊಳ್ಳುವುದು ಎರಡನೆಯದನ್ನು. ಚಿರೋಟಿಯನ್ನು ನೋಡುವುದೇ ಅದರ ಪದರಗಳಿಗಾಗಿ. ಇಲ್ಲಿ ಪದರಪದರವಾಗಿ ಬಿಚ್ಚಿಕೊಂಡಿದೆ, ಆದರೆ ಸಕ್ಕರೆಪುಡಿಯನ್ನು ಮೊದಲೇ ಉದುರಿಸಿಟ್ಟಿದ್ದರಿಂದ ಮೇಲಿನ ಪದರ ತೇವಗೊಂಡು ಜಿಗುಟಾಗಿದೆ. ಪುಡಿಯನ್ನು ಪ್ರತ್ಯೇಕ ಪೊಟ್ಟಣದಲ್ಲಿ ಕೊಟ್ಟರೆ, ಬಾದಾಮಿ ಹಾಲಿನ ಜೊತೆ ಬಡಿಸುವವರು ಮನೆಯಲ್ಲೇ ಉದುರಿಸಿಕೊಳ್ಳುತ್ತಾರೆ.

ಚೀಟಿಗಳ ವಿಚಾರವನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಳಿತಿದ್ದ ಯಜಮಾನರ ಹತ್ತಿರ ಎತ್ತಿದೆ. “ಬಂದೋರೆಲ್ಲ ಕೇಳೋದೇ ಗರಿಗರಿ ಇದ್ಯಾ ಅಂತ ಸಾರ್. ಬೇರೆ ಬರೆದ್ರೆ ಇದು ಗರಿಗರಿ ಇಲ್ವೇನೋ ಅಂದ್ಕೋತಾರೆ” ಎಂದರು. ಅವರ ಮಾತು ವ್ಯಾಪಾರಕ್ಕೆ ಸರಿ. ಆದರೆ ಅದೇ ಗಿರಾಕಿಗಳು ಮನೆಯಲ್ಲಿ ಇಡ್ಲಿ ಮೆತ್ತಗಿದೆ ಎಂದು ಹೊಗಳಿ, ಚಕ್ಕುಲಿ ಮೆತ್ತಗಾಗಿದೆ ಎಂದು ಬೈಯುವವರು. ಯಾವ ಪದಾರ್ಥಕ್ಕೆ ಯಾವ ಮಾತು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಲೆ ಸುತ್ತಲಿನ ಅಂಗಡಿಗಳಿಗಿಂತ ಸ್ವಲ್ಪ ಹೆಚ್ಚು, ತೂಕದಲ್ಲಿ ಮೋಸವಿಲ್ಲ. ಪೊಟ್ಟಣ ಕಟ್ಟುವ ಕ್ರಮವನ್ನು ಮಾತ್ರ ತುರ್ತಾಗಿ ಬದಲಿಸಬೇಕು. ಬಾಣಲೆಯಿಂದ ಆಗತಾನೇ ತೆಗೆದ ತಿಂಡಿಯನ್ನು ಆರಲು ಬಿಡದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕುತ್ತಾರೆ. ಆವಿ ಒಳಗೇ ಹನಿಗಟ್ಟಿ, ಎಣ್ಣೆ ಹೊರಗೆ ಓಡಿಸಿದ ನೀರು ಮತ್ತೆ ಚಕ್ಕುಲಿಗೇ ಸೇರುತ್ತದೆ. ಬಿಸಿಯಾಗಿದ್ದರೆ ಕಾಗದದ ಪೊಟ್ಟಣದಲ್ಲೇ ಕಟ್ಟಿಕೊಡಲು ಕೇಳಿ, ಬೇಡ ಎನ್ನುವುದಿಲ್ಲ. ಮನೆಗೆ ತಂದು ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ. ಅವರು ಕರಿಯುವುದು ಬುಧವಾರ ಮತ್ತು ಶನಿವಾರ ಮಧ್ಯಾಹ್ನ, ನಾಲ್ಕು ಗಂಟೆಯ ಹೊತ್ತಿಗೆ ಹೋದರೆ ಒಳಗಿನ ತಟ್ಟೆಯ ಚಕ್ಕುಲಿಯೇ ಸಿಗುತ್ತದೆ. ಉಳಿದ ದಿನ ಹೋದರೆ ಹಲಸಿನ ಹಪ್ಪಳವನ್ನೂ ಖಡಕ್ ರೊಟ್ಟಿಯನ್ನೂ ಕೊಂಡು ಬನ್ನಿ.